ಬಾಗಿಲಲ್ಲೇ ಬಗ್ಗುವ ಚಪ್ಪಲಿ ಅಕ್ಕ

ಬೀದಿದೀಪಗಳು ಇನ್ನೂ ಆರಿಲ್ಲ. ಮೂರನೇ ಮಹಡಿಯ ಮನೆಯೊಂದರ ಮುಂದೆ ನಿಂತ ಅಕ್ಕ ತಕ್ಷಣ ಕರೆಗಂಟೆ ಒತ್ತುವುದಿಲ್ಲ. ಮೊದಲು ಬಗ್ಗಿ, ಬಾಗಿಲ ಬಳಿಯ ಚಪ್ಪಲಿಗಳನ್ನು ನೋಡುತ್ತಾರೆ. ಮನೆಯ ಬಸುರಿ ಸೊಸೆಯ ಗಂಡನದು, ಅತ್ತೆಯದು, ನಡುವೆ ಒಪ್ಪವಾಗಿ ಜೋಡಿಸಿಟ್ಟ ಆಕೆಯ ನೀಲಿ ಪಟ್ಟಿಯ ಸಣ್ಣ ಜೋಡಿ. ಅದರ ಮೇಲೆ ಬೆರಳಾಡಿಸಿ "ಹೂಂ" ಅನ್ನುತ್ತಾರೆ. ಆಮೇಲೆ ಗಂಟೆ ಒತ್ತುತ್ತಾರೆ.

ಬಡಾವಣೆಯಲ್ಲಿ ಇವರು 'ಚಪ್ಪಲಿ ಅಕ್ಕ'. "ಬೇರೆಯವ್ರಿಗೆ ಹಂಗಂದ್ರೆ ಜಗಳಕ್ಕೇ ಬರ್ತಾರೆ. ನಂಗೆ ಅದೇ ಬಿರುದು," ಎಂದು ನಗುತ್ತಾರೆ. ಆಸ್ಪತ್ರೆಯವರು ಇವರನ್ನು ಡೌಲಾ ಎನ್ನುತ್ತಾರೆ. ತೊಡಕಿರುವ ಬಸುರಿಯರ ಮನೆಗೆ ಹೋಗಿ ಬಿಪಿ ನೋಡುವುದು, ಮಾತಾಡಿಸುವುದು, ಹೆರಿಗೆಯ ಹೊತ್ತಿಗೆ ಕೈ ಹಿಡಿದು ಕೂರುವುದು ಕೆಲಸ. "ಹೆರಿಗೆ ಮಾಡ್ಸೋದು ಡಾಕ್ಟ್ರು, ನರ್ಸಮ್ಮ. ನಾನು ಜೊತೆಗಿರೋಳು ಅಷ್ಟೇ." ದಿನಕ್ಕೆ ಐದಾರು ಮನೆ. ಕೆಲವು ಕಡೆ ಕುರ್ಚಿ ಕೊಡುತ್ತಾರೆ. ಕೆಲವು ಕಡೆ "ನಾವೇನು ಹೆತ್ತಿಲ್ವಾ?" ಎಂದು ಅತ್ತೆಯಂದಿರು ಮುಖ ಗಂಟಿಕ್ಕುತ್ತಾರೆ. ಅಕ್ಕ ಅದನ್ನೇ ಕುರ್ಚಿ ಎಂದುಕೊಂಡು ಕೂತುಬಿಡುತ್ತಾರೆ.

ಮೊದಲು ಚಪ್ಪಲಿ ಅಂಗಡಿಯಲ್ಲಿದ್ದವರು ಇವರು. ಒಮ್ಮೆ ಬಸುರಿ ಗಿರಾಕಿಯೊಬ್ಬಳು ಕೊಂಡ ಜೋಡಿ ಬಿಗಿಯೆಂದು ಬಂದು ದೊಡ್ಡದು ಒಯ್ದಳು. ವಾರದೊಳಗೆ ಅದೂ ಬಿಗಿಯಾಯಿತು. "ಇನ್ನೂ ದೊಡ್ಡದು ತರಿಸಿಟ್ಟಿದ್ದೆ. ಅವಳು ಬರ್ಲೇ ಇಲ್ಲ. ಅವಳ ಗಂಡ ಬಂದು, ಹೋಗ್ಬಿಟ್ಲು ಅಂದಾಗ್ಲೇ ಗೊತ್ತಾಗಿದ್ದು," ಎನ್ನುವಾಗ ದನಿ ತಗ್ಗುತ್ತದೆ. ಬಸುರಿಯರ ಕಾಲು ತುಸು ಊದುವುದು ಸಹಜ. ದಿಢೀರನೆ ಊದಿ, ತಲೆನೋವೂ ಬಂದು, ಬಿಪಿ ಏರಿತೋ, ತಾಯಿ ಮಗು ಇಬ್ಬರ ಜೀವಕ್ಕೂ ಕುತ್ತು. ಇದನ್ನು ಅಕ್ಕ ಕಲಿತದ್ದು ಆಮೇಲೆ ಸೇರಿದ ತರಬೇತಿಯಲ್ಲಿ.

ಇವತ್ತು ಮೂರನೇ ಮಹಡಿಯಲ್ಲಿ ಬಾಗಿಲು ತೆರೆದವಳಿಗೆ ಎಂಟು ತಿಂಗಳು. ಹಿಂದಿನ ಮಗು ಉಳಿದಿಲ್ಲ. "ಚೆನ್ನಾಗಿದೀನಿ ಅಕ್ಕಾ. ನೋಡಿದ್ರಲ್ಲ, ನನ್ ಚಪ್ಪಲೀನೇ ಹಾಕ್ತಿದೀನಿ."

"ಹಂಗಾದ್ರೆ ಹಾಕ್ಕೋ, ಮೆಟ್ಟಿಲ ತನಕ ಹೋಗ್ಬರೋಣ."

ಬೆರಳುಗಳೇ ಪಟ್ಟಿಯೊಳಗೆ ಹೋಗುವುದಿಲ್ಲ. ಅಕ್ಕ ಧೂಳು ಹತ್ತಿದ ತಮ್ಮ ಬೆರಳು ತೋರಿಸುತ್ತಾರೆ. ನೀಲಿ ಜೋಡಿ ಹಾಕದೆ ದಿನಗಳಾಗಿವೆ; ಈಕೆ ಓಡಾಡುತ್ತಿರುವುದು ಗಂಡನ ಚಪ್ಪಲಿಯಲ್ಲಿ. ಅಕ್ಕನ ಕಣ್ಣಿಗೆ ಬೀಳಲೆಂದೇ ತನ್ನದನ್ನು ಹೊರಗೆ ಜೋಡಿಸಿಟ್ಟಿದ್ದಾಳೆ.

"ನೀನು ಚಾಪೆ ಕೆಳಗೆ ತೂರಿದ್ರೆ ನಾನು ರಂಗೋಲಿ ಕೆಳಗೆ ತೂರೋಳು ಕಣಮ್ಮ. ತಲೆನೋವಿದ್ಯಾ?"

"ನಿನ್ನೆಯಿಂದ ಸಿಡೀತಿದೆ."

ಬಿಪಿ ಏರಿದೆ. ಈಗಲೇ ಹೊರಡಬೇಕು ಎಂದು ಅಕ್ಕ ಆಸ್ಪತ್ರೆಗೆ ಫೋನು ಮಾಡುತ್ತಾರೆ. ಆಕೆ ಬಾಗಿಲ ಚೌಕಟ್ಟು ಹಿಡಿದು ನಿಲ್ಲುತ್ತಾಳೆ. "ಹೋದ ಸಲ ಅಲ್ಲಿಗೆ ಹೋಗಿ ಬರಿಗೈಲಿ ಬಂದೆ. ಇಲ್ಲೇ ಇದ್ರೆ ಹೊಟ್ಟೇಲಾದ್ರೂ ಇರತ್ತೆ ಅಕ್ಕಾ."

ಅಕ್ಕ ಬೈಯುವುದಿಲ್ಲ, ಹೆದರಿಸುವುದಿಲ್ಲ. "ಹೋದ ಸಲ ನಾನಿರ್ಲಿಲ್ಲ. ಈ ಸಲ ಒಳಗೂ ಇರ್ತೀನಿ," ಎಂದು ನೀಲಿ ಜೋಡಿಯ ಧೂಳು ಒರೆಸಿ ತಮ್ಮ ಚೀಲಕ್ಕೆ ಹಾಕಿಕೊಳ್ಳುತ್ತಾರೆ.

"ಕಾಲಿಗೆ ಹಿಡಿಸ್ದೇ ಇರೋದು ಯಾಕಮ್ಮಾ ಈಗ?" ಒಳಗಿಂದ ಬಂದ ಅತ್ತೆ ಕೇಳುತ್ತಾರೆ.

"ಬರುವಾಗ ಬೇಕಲ್ಲ."

ಅತ್ತೆ ಮಗನನ್ನು ಎಬ್ಬಿಸಲು ಒಳಗೆ ಓಡುತ್ತಾರೆ. ಸೊಸೆ ಚೌಕಟ್ಟು ಬಿಟ್ಟು ಅಕ್ಕನ ಕೈ ಹಿಡಿಯುತ್ತಾಳೆ.

ಕೆಲವು ವಾರಗಳ ನಂತರ, ಅದೇ ಆಸ್ಪತ್ರೆಯ ವಾರ್ಡು. ತಿಂಗಳು ತುಂಬುವ ಮೊದಲೇ ಅವಸರದಲ್ಲಿ ಹುಟ್ಟಿದ ಮಗಳು, ಅಂಗೈಯಗಲ ಇದ್ದವಳು ಈಗ ಮೈಕೈ ತುಂಬಿಕೊಂಡಿದ್ದಾಳೆ. ಅಳು ಮಾತ್ರ ಮೊದಲಿನಿಂದಲೂ ವಾರ್ಡಿಗೆಲ್ಲ ಕೇಳುವಷ್ಟು. ಇವತ್ತು ಮನೆಗೆ ಹೊರಡುವ ದಿನ. ಮಗುವನ್ನೆತ್ತಿಕೊಂಡು ಮಂಚದಂಚಿಗೆ ಕೂತ ತಾಯಿಯ ಮುಂದೆ ಅಕ್ಕ, ಹಳೆಯ ರೂಢಿಯಂತೆ, ನೆಲಕ್ಕೆ ಮೊಣಕಾಲೂರಿ ಕೂರುತ್ತಾರೆ. ಚೀಲದಿಂದ ನೀಲಿ ಜೋಡಿ ತೆಗೆದು ಒಂದೊಂದಾಗಿ ತೊಡಿಸುತ್ತಾರೆ.

"ಅಂಗಡೀಲಿ ಎಷ್ಟೋ ಜೋಡಿ ಮಾರಿದೀನಿ," ಎನ್ನುತ್ತಾರೆ, ಪಟ್ಟಿ ಸರಿಪಡಿಸುತ್ತ. "ಇಷ್ಟು ಸರಿಯಾಗಿ ಹಿಡಿಸಿದ್ದು ಒಂದೂ ಇಲ್ಲ."