ಬಾರದವರ ಬಾಗಿಲು ತಟ್ಟುವ ಬಾವುಟದಕ್ಕ

ಬೆಳಗಿನ ಐದೂಮುಕ್ಕಾಲು. ವಿದೇಶಿ ವಿದ್ಯಾರ್ಥಿಗಳ ವಸತಿಗೃಹದ ಮೂರನೇ ಮಹಡಿಯ ಕಾರಿಡಾರಿನಲ್ಲಿ ಎರಡು ಟ್ಯೂಬ್‌ಲೈಟುಗಳ ಪೈಕಿ ಒಂದಷ್ಟೇ ಉರಿಯುತ್ತಿದೆ. ಐವತ್ತಮೂರು ವರ್ಷದ ಹೆಂಗಸೊಬ್ಬರು ಕಂಕುಳಲ್ಲಿ ಹಳದಿ ಬಾವುಟ ಇರುಕಿಕೊಂಡು, ಕೈಯಲ್ಲಿ ಹೆಸರುಗಳ ಪಟ್ಟಿ ಹಿಡಿದು, ಮುಚ್ಚಿದ ಬಾಗಿಲೊಂದಕ್ಕೆ ಕಿವಿ ಹಚ್ಚಿ ನಿಂತಿದ್ದಾರೆ. ಒಳಗೆ ಫ್ಯಾನಿನ ಸದ್ದು. ಮಂಚ ಕಿರುಗುಟ್ಟುತ್ತದೆ. ಆಮೇಲೊಂದು ಕೆಮ್ಮು.

"ಕೆಮ್ಮಿದ. ಇದ್ದಾನೆ," ಎಂದು ಪಿಸುಗುಟ್ಟಿ ಪಟ್ಟಿಯಲ್ಲಿ ಆ ಹೆಸರಿನ ಮುಂದೆ ಚುಕ್ಕಿ ಇಡುತ್ತಾರೆ. ಬಾಗಿಲು ತಟ್ಟುವುದು ಅದಾದ ಮೇಲೆ.

"ಏಳಪ್ಪಾ ಮಹಾರಾಯ, ಬಸ್ಸು ಬರೋ ಹೊತ್ತಾಯ್ತು. ದೋಣಿಗೆ ಹೋಗೋಣ."

"ನಿದ್ದೆ ಬರ್ತಿದೆ ಅಕ್ಕಾ."

"ನಿದ್ದೆ ದೋಣಿಯಲ್ಲೂ ಬರುತ್ತೆ. ತೂಗೋರೂ ಬೇಕಾಗಿಲ್ಲ."

ಒಳಗಿನಿಂದ ನಗು ಕೇಳುತ್ತದೆ. ಬಾಗಿಲು ಮಾತ್ರ ತೆರೆಯುವುದಿಲ್ಲ. ಅವರು ಪಕ್ಕದ ಬಾಗಿಲಿಗೆ ಸರಿಯುತ್ತಾರೆ.

ಈ ವಸತಿಗೃಹದಲ್ಲಿ ನಾಲ್ಕು ಮಹಡಿ, ನೂರಾ ಹನ್ನೆರಡು ಕೋಣೆ, ಹದಿನೇಳು ದೇಶಗಳ ಮಕ್ಕಳು. ಹನ್ನೊಂದು ವರ್ಷಗಳಿಂದ ಪ್ರತಿ ಶನಿವಾರ ಈ ಮಕ್ಕಳನ್ನು ಬಸ್ಸಿಗೆ ಹತ್ತಿಸಿ ಈ ಮಹಾನಗರವನ್ನು ತೋರಿಸಿ ತರುವವರು ಇವರೇ. ಗಡಿಯಾರದ ಗೋಪುರ, ಹಳೆಯ ಅರಮನೆ, ವಸ್ತು ಸಂಗ್ರಹಾಲಯ, ನದಿಯ ದೋಣಿ, ಬೊಂಬೆಯಾಟ. ಜನಜಂಗುಳಿಯಲ್ಲಿ ಯಾರೂ ತಪ್ಪಿಸಿಕೊಳ್ಳದಿರಲಿ ಎಂದು ಹಳೆಯ ಪರದೆಯ ತುಂಡನ್ನು ನೆಲ ಒರೆಸುವ ಕೋಲಿಗೆ ಕಟ್ಟಿಕೊಂಡರು. ಅಂದಿನಿಂದ ಬಾವುಟದಕ್ಕ. ಸ್ವಂತ ಹೆಸರು ಸಂಬಳದ ಚೀಟಿಯಲ್ಲಿದೆ. ಆ ಹೆಸರಿನಿಂದ ಯಾರೂ ಕರೆದದ್ದಿಲ್ಲ.

ಆ ಚೀಟಿಯ ಪ್ರಕಾರ ಅವರು ಬಟ್ಟೆ ಕೋಣೆಯ ಗುತ್ತಿಗೆ ಕೆಲಸಗಾರ್ತಿ. ವಾರಕ್ಕೆ ಇನ್ನೂರಿಪ್ಪತ್ತನಾಲ್ಕು ಹೊದಿಕೆ, ಅಷ್ಟೇ ದಿಂಬಿನ ಚೀಲ ಎಣಿಸಿ ಒಗೆಯಲು ಕಳಿಸುವುದು, ಬಂದದ್ದನ್ನು ಎಣಿಸಿ ಮಡಿಸುವುದು. ಮಕ್ಕಳನ್ನು ಸುತ್ತಾಡಿಸುವ ಕೆಲಸ ಅಂಟಿಕೊಂಡದ್ದು ಆಕಸ್ಮಿಕವಾಗಿ. ಒಂದು ಶನಿವಾರ ಚಟುವಟಿಕೆ ವಿಭಾಗದ ಅಧಿಕಾರಿಗೆ ನೆಗಡಿಯಾಯಿತು. "ನೀವು ಹೋಗಿಬನ್ನಿ, ಒಂದಿನ ತಾನೇ," ಅಂದರು. ಆ ಒಂದು ದಿನಕ್ಕೆ ಈಗ ಹನ್ನೊಂದು ವರ್ಷ. ಅಧಿಕಾರಿಯ ನೆಗಡಿ ಇನ್ನೂ ವಾಸಿಯಾದಂತಿಲ್ಲ.

"ಹೊದಿಕೆ ಎಣಿಸೋಳಿಗೆ ತಲೆ ಎಣಿಸೋದು ಕಷ್ಟವಾ ಅಂದ್ರು," ಎನ್ನುತ್ತಾರೆ ಬಾವುಟದಕ್ಕ. "ಹೊದಿಕೆ ಎಣಿಸಿಟ್ಟ ಕಡೆ ಇರುತ್ತೆ ಸ್ವಾಮಿ. ಇವು ಬೆಕ್ಕಿನ ಮರಿಗಳು. ಒಂದನ್ನ ಹಿಡಿದ್ರೆ ಇನ್ನೊಂದು ಜಾರುತ್ತೆ."

ಮನೆಯಲ್ಲಿ ಗಂಡ ಹೊಲಿಗೆ ಯಂತ್ರದ ಮುಂದಿರುತ್ತಾರೆ. ಬೆನ್ನುಮೂಳೆ ಸವೆದಿದೆ, ದೂರ ನಡೆಯಲಾರರು. ಆದರೆ ನಾಲಿಗೆಗೆ ಯಾವ ನೋವೂ ಇಲ್ಲ. "ಪ್ರಪಂಚದ ಮಕ್ಕಳಿಗೆಲ್ಲ ಊರು ತೋರಿಸ್ತಾಳೆ. ಕಟ್ಟಿಕೊಂಡೋನಿಗೆ ಬೀದಿ ಕೊನೆ ತೋರಿಸಿಲ್ಲ," ಎಂದು ಬಂದವರ ಮುಂದೆಲ್ಲ ದೂರುತ್ತಾರೆ. ದೂರುತ್ತಲೇ, ಬಾವುಟದ ಅಂಚು ಹರಿದಾಗಲೆಲ್ಲ ಹೊಲಿದು ಕೊಡುತ್ತಾರೆ.

ಇಷ್ಟೇ ಆಗಿದ್ದರೆ ಇದೊಂದು ನಗುಮುಖದ ಕಥೆಯಾಗುತ್ತಿತ್ತು. ವಸತಿಗೃಹ ನಡೆಸುವ ಸಂಸ್ಥೆಯ ಹೊಳೆಯುವ ಕರಪತ್ರದಲ್ಲಿ ಹಾಗೆಯೇ ಇದೆ: ಬಣ್ಣ ಬಣ್ಣದ ಮುಖಗಳು, ನಡುವೆ ಹಳದಿ ಬಾವುಟ, ಕೆಳಗೆ 'ಇದು ನಿಮ್ಮ ಇನ್ನೊಂದು ಮನೆ' ಎಂಬ ಸಾಲು. ಬಾವುಟ ಹಿಡಿದ ಕೈ ಚಿತ್ರದಲ್ಲಿದೆ. ಕೈಯ ಹಿಂದಿನ ಹೆಂಗಸನ್ನು ಕತ್ತರಿಸಿದ್ದಾರೆ.

ಕರಪತ್ರ ಹೇಳದ ನಿಯಮ ಒಂದಿದೆ. ಶನಿವಾರದ ಬಸ್ಸಿಗೆ ಕನಿಷ್ಠ ನಲವತ್ತು ಜನ ಬೇಕು. ಸತತ ಹನ್ನೆರಡು ಶನಿವಾರ ಆ ಸಂಖ್ಯೆ ಮುಟ್ಟದಿದ್ದರೆ ಬಸ್ಸು ರದ್ದು. ಹೆಸರು ಕೊಟ್ಟ ಮಕ್ಕಳಲ್ಲಿ ಆರೇಳು ಮಂದಿ ಕೊನೆ ಗಳಿಗೆಯಲ್ಲಿ ಕೈಕೊಡುವುದು ವಾಡಿಕೆ. ಹಾಗಾಗಿ ಬಾವುಟದಕ್ಕ ಒಂದು ಉಪಾಯ ಕಂಡುಕೊಂಡಿದ್ದರು: ಹೆಸರು ಕೊಟ್ಟು ಬಾರದವರ ಮುಂದೆಯೂ 'ಬಂದರು' ಎಂಬ ಗುರುತು. ಮೂವತ್ನಾಲ್ಕು ಬಂದರೂ ಪಟ್ಟಿಯಲ್ಲಿ ನಲವತ್ತೊಂದು. ಯಾರ ಗಂಟೂ ಹೋಗಲಿಲ್ಲ. ಬಸ್ಸು ಉಳಿಯಿತು. ಅಧಿಕಾರಿಗೂ ಇದು ಗೊತ್ತಿತ್ತು; ಅಂಕಿ ಚೆನ್ನಾಗಿದ್ದರೆ ಮೇಲಿನವರ ಮುಂದೆ ಅವರ ಮುಖವೂ ಚೆನ್ನಾಗಿರುತ್ತಿತ್ತು.

ಸುಮಾರು ಮೂರು ತಿಂಗಳ ಹಿಂದೆ, ತರಗತಿಗಳಿಗೆ ರಜೆ ಇದ್ದಾಗ, ಮೂರನೇ ಮಹಡಿಯ ಕೊನೆಯ ಕೋಣೆಯಲ್ಲಿದ್ದ ಇಪ್ಪತ್ತರ ಹುಡುಗ ಸತ್ತ. ಮೊದಲು ಜ್ವರ, ಆಮೇಲೆ ಎದೆಯಲ್ಲಿ ಕಫ ಕಟ್ಟಿತು ಎಂದರು ವೈದ್ಯರು. ಬಾಗಿಲು ಒಡೆದದ್ದು ಸತ್ತ ನಾಲ್ಕನೇ ದಿನ.

ಹೀಗೆ ಕೋಣೆಯಲ್ಲೇ ಒಂಟಿಯಾಗಿ ಉಳಿಯುವ ಮಕ್ಕಳಿಗಾಗಿಯೇ ಸಂಸ್ಥೆಯಲ್ಲಿ ಇನ್ನೊಂದು ನಿಯಮವಿತ್ತು. ಮೂರು ವಾರ ಎಲ್ಲಿಯೂ ಕಾಣಿಸಿಕೊಳ್ಳದ ವಿದ್ಯಾರ್ಥಿಯ ಕೋಣೆಗೆ ಮೇಲ್ವಿಚಾರಕರು ಹೋಗಿ ನೋಡಬೇಕು. ಅವರು ಹೋಗಲಿಲ್ಲ, ಏಕೆಂದರೆ ಹುಡುಗ ಕಾಣಿಸಿಕೊಂಡಿದ್ದ. ಪಟ್ಟಿಯ ಮೇಲೆ. ಸತತ ನಾಲ್ಕು ಶನಿವಾರ ಹೆಸರು ಕೊಟ್ಟಿದ್ದ, ನಾಲ್ಕೂ ಶನಿವಾರ ಬಂದಿರಲಿಲ್ಲ, ನಾಲ್ಕೂ ಶನಿವಾರ ಅವನ ಹೆಸರಿನ ಮುಂದೆ 'ಬಂದರು' ಎಂಬ ಗುರುತು ಬಿದ್ದಿತ್ತು.

"ಹೆಸರು ಕೊಡ್ತಿದ್ದ ನೋಡಿ," ಎನ್ನುತ್ತಾರೆ ಬಾವುಟದಕ್ಕ. ಮಡಿಸುತ್ತಿದ್ದ ಹೊದಿಕೆ ಕೈಯಲ್ಲೇ ನಿಲ್ಲುತ್ತದೆ. "ಪ್ರತಿ ಸಲ ಕೊಡ್ತಿದ್ದ. ಅಂದ್ರೆ ಬರಬೇಕು ಅಂತಾನೇ ಇತ್ತು. ಯಾರಾದ್ರೂ ಬಂದು ಕರೀಲಿ ಅಂತ ಕಾಯ್ತಿದ್ನೋ ಏನೋ. ನಾನು ಕೆಳಗೆ ಬಸ್ಸಿನ ಹತ್ರ ನಿಂತು ಪೆನ್ನಾಡಿಸ್ತಿದ್ದೆ."

ವಿಚಾರಣೆ ನಡೆಯಿತು. ವರದಿ ಒಂದೂವರೆ ಪುಟ. 'ವಿದ್ಯಾರ್ಥಿಯು ಸಾಮಾಜಿಕ ಚಟುವಟಿಕೆಗಳಲ್ಲಿ ಸಕ್ರಿಯನಾಗಿದ್ದನು. ಯಾವುದೇ ಲೋಪ ಕಂಡುಬಂದಿಲ್ಲ.' ಸುಳ್ಳು ಗುರುತುಗಳ ಬಗ್ಗೆ ಬಾವುಟದಕ್ಕ ಅದೇ ವಾರ ಅಧಿಕಾರಿಯ ಮುಂದೆ ಹೋಗಿ ಒಪ್ಪಿಕೊಂಡಿದ್ದರು. "ಬರೆದಿದ್ದು ಬರೆದಾಯ್ತು. ಈಗ ಕೆದಕಿದ್ರೆ ಎಲ್ಲರಿಗೂ ತೊಂದರೆ," ಎಂದು ಅಧಿಕಾರಿ ಬಾಗಿಲು ತೋರಿಸಿದರು. ಸಾವಿಗಿಂತ ಸಾವಿನ ಸುದ್ದಿಗೆ ಹೆದರುವ ಮಂದಿಗೆ ಆ ನಾಲ್ಕು ಗುರುತುಗಳು ತೊಂದರೆಯಾಗಿರಲಿಲ್ಲ, ಕೊಡೆಯಾಗಿದ್ದವು.

ತಾಯಿ ಬಂದರು. ಎರಡು ವಿಮಾನ ಬದಲಿಸಿ, ಒಂದೇ ಚೀಲದೊಂದಿಗೆ. ಮಗನ ಸಾಮಾನಿನ ಜೊತೆ ಅಧಿಕಾರಿ ಒಂದು ಹಾಳೆಯನ್ನೂ ಕೊಟ್ಟರು: ಮಗ ಕೊನೆಯ ತಿಂಗಳಲ್ಲಿ ಸುತ್ತಾಡಿದ ನಾಲ್ಕು ಜಾಗಗಳ ಪಟ್ಟಿ. ಸಮಾಧಾನವಾಗಲಿ ಎಂದಂತೆ. ತಾಯಿ ಆ ಹಾಳೆಯನ್ನು ಎರಡು ಸಲ ಮಡಿಸಿ, ಆ ಜಾಗಗಳನ್ನೆಲ್ಲ ತಾವೂ ನೋಡಬೇಕು ಎಂದರು. ಅಧಿಕಾರಿ ಬಟ್ಟೆ ಕೋಣೆಗೆ ಫೋನ್ ಮಾಡಿದರು. "ನೀವೇ ಕರ್ಕೊಂಡು ಹೋಗಿ. ನಿಮಗೆ ಅಭ್ಯಾಸ ಇದೆಯಲ್ಲ."

ಹೀಗೆ ಒಂದು ಬುಧವಾರ ಬಾವುಟದಕ್ಕ ಬಾವುಟವಿಲ್ಲದೆ ಹೊರಟರು. ಜೊತೆಗೆ ಆ ತಾಯಿ, ಮತ್ತು ಎರಡೂ ಭಾಷೆ ಬಲ್ಲ ಅದೇ ದೇಶದ ಒಬ್ಬ ವಿದ್ಯಾರ್ಥಿನಿ. ಗಡಿಯಾರದ ಗೋಪುರದ ಕೆಳಗೆ ತಾಯಿ ಕೇಳಿದರು, "ಇಲ್ಲಿ ಎಲ್ಲಿ ನಿಂತಿದ್ದ?"

ಬಾವುಟದಕ್ಕ ಕಬ್ಬಿಣದ ಕಟಕಟೆಯ ಒಂದು ಮೂಲೆ ತೋರಿಸಿದರು. ತಾಯಿ ಅಲ್ಲಿ ನಿಂತರು. ಕಟಕಟೆಯ ಮೇಲೆ ಅಂಗೈ ಇಟ್ಟು ತುಂಬಾ ಹೊತ್ತು ತೆಗೆಯಲಿಲ್ಲ.

"ಆ ಕ್ಷಣ ಭೂಮಿ ಬಾಯಿ ಬಿಡಬಾರದಾ ಅನ್ನಿಸ್ತು," ಎನ್ನುತ್ತಾರೆ. "ಯಾರೋ ದಾರಿಹೋಕರು ಒರಗಿದ್ದ ಕಂಬಿ ಅದು. ಆಯಮ್ಮ ಅದನ್ನ ಮಗನ ಕೆನ್ನೆ ಥರ ಸವರ್ತಿದ್ರು."

ಎರಡನೇ ಜಾಗ ನದಿ. ದೋಣಿಕಟ್ಟೆಯ ಮೇಲೆ ಕೂತು ತಾಯಿ ಮೊದಲ ಬಾರಿಗೆ ಸ್ವಲ್ಪ ನಕ್ಕರು. ಚಿಕ್ಕಂದಿನಿಂದ ಅವನಿಗೆ ನೀರೆಂದರೆ ಭಯ, ಸ್ನಾನಕ್ಕೂ ಅಟ್ಟಾಡಿಸಬೇಕಿತ್ತು ಎಂದರು. "ಅಂಥವನು ದೋಣಿ ಹತ್ತಿದ್ನಾ? ಯಾರು ಹತ್ತಿಸಿದ್ರು? ನೀವಾ?"

ಬಾವುಟದಕ್ಕನಿಗೆ ಇನ್ನು ತಡೆಯಲಾಗಲಿಲ್ಲ. "ಹತ್ತಿಲ್ಲಮ್ಮ. ಇಲ್ಲಿಗೆ ಬರಲೇ ಇಲ್ಲ. ಆ ಗೋಪುರಕ್ಕೂ ಬಂದಿಲ್ಲ. ಆ ಗುರುತು ಹಾಕಿದ್ದು ನಾನು. ಬಸ್ಸು ನಿಲ್ಲಬಾರದು ಅಂತ ಹಾಕಿದ್ದೆ."

ವಿದ್ಯಾರ್ಥಿನಿ ಭಾಷಾಂತರಿಸದೆ ನೆಲ ನೋಡಿದಳು. "ಹೇಳು ಮಗಳೇ," ಎಂದರು ಬಾವುಟದಕ್ಕ. "ಒಂದಕ್ಷರ ಬಿಡದೆ ಹೇಳು."

ಆಕೆ ಹೇಳಿದಳು. ತಾಯಿ ಚೀರಲಿಲ್ಲ, ಕೈ ಎತ್ತಲಿಲ್ಲ. ಹಾಳೆಯನ್ನು ಮಡಿಸಿದ ಗೆರೆಯಲ್ಲೇ ಮತ್ತೆ ಮಡಿಸಿ ಕೇಳಿದರು, "ಹಾಗಾದ್ರೆ ಈ ನಾಲ್ಕು ವಾರ ಅವನು ಯಾರ ಜೊತೆ ಇದ್ದ?"

"ಯಾರ ಜೊತೆಗೂ ಇರಲಿಲ್ಲ."

ಮಿಕ್ಕ ಎರಡು ಜಾಗ ನೋಡಲಿಲ್ಲ. ವಸತಿಗೃಹಕ್ಕೆ ಮರಳಿದಾಗ ತಾಯಿ ಬಸ್ಸು ನಿಲ್ಲುವ ಜಾಗದಿಂದ ಮಗನ ಕೋಣೆಯವರೆಗೆ ಒಬ್ಬರೇ ಹತ್ತಿ ಹೋದರು, ಇಳಿದು ಬಂದರು. ಬಾವುಟದಕ್ಕನ ಮುಂದೆ ನಿಂತು ಒಂದೇ ಮಾತು ಹೇಳಿದರು. ವಿದ್ಯಾರ್ಥಿನಿ ಅದನ್ನೂ ಒಂದಕ್ಷರ ಬಿಡದೆ ಭಾಷಾಂತರಿಸಿದಳು: "ಐವತ್ತೊಂದು ಮೆಟ್ಟಿಲು. ಐವತ್ತೊಂದು ಮೆಟ್ಟಿಲು ಹತ್ತೋಕೆ ನಿಮ್ಮಲ್ಲಿ ಒಬ್ಬರಿಗೂ ಆಗ್ಲಿಲ್ವಾ?"

ಕ್ಷಮಿಸಿದೆ ಎಂಬ ಮಾತು ತಾಯಿಯ ಬಾಯಲ್ಲಿ ಬರಲಿಲ್ಲ. ಬಾವುಟದಕ್ಕ ಕೇಳಲೂ ಇಲ್ಲ. "ಯಾವ ಬಾಯಲ್ಲಿ ಕೇಳ್ಲಿ?" ಎನ್ನುತ್ತಾರೆ.

ಮರುದಿನ ಎಲ್ಲವನ್ನೂ ಬರೆದು, ಸಹಿ ಹಾಕಿ ಸಂಸ್ಥೆಗೆ ಕೊಟ್ಟರು. ಇವತ್ತಿಗೂ ಉತ್ತರ ಬಂದಿಲ್ಲ. ಕೆಲಸದಿಂದ ತೆಗೆದೂ ಇಲ್ಲ. ತೆಗೆಯಬೇಕಾದರೆ ಪತ್ರ ತಲುಪಿದೆ ಎಂದು ಒಪ್ಪಬೇಕು. ಪತ್ರ ತಲುಪಿದ್ದರೆ ಆ ಒಂದೂವರೆ ಪುಟದ ವರದಿ ಸುಳ್ಳಾಗಬೇಕು. ತಪ್ಪು ಮಾಡಿದವಳು ಒಪ್ಪಿಕೊಂಡು ನಿಂತಿದ್ದಾಳೆ, ತಪ್ಪು ಮಾಡಿಸಿದ ನಿಯಮ ಮಾತ್ರ ಮೀಸೆ ತಿರುವಿಕೊಂಡು ಗೋಡೆಯ ಮೇಲೆ ಹಾಗೇ ನೇತಾಡುತ್ತಿದೆ.

ಅಂದಿನಿಂದ ಅವರು ಒಂದೂ ಸುಳ್ಳು ಗುರುತು ಹಾಕಿಲ್ಲ. ಹನ್ನೊಂದು ಶನಿವಾರ ಸಂಖ್ಯೆ ನಲವತ್ತು ಮುಟ್ಟಿಲ್ಲ. ಇವತ್ತಿನದು ಹನ್ನೆರಡನೆಯದು. ಬಸ್ಸು ಏಳೂವರೆಗೆ ಹೊರಟರೂ ಅವರು ಐದೂವರೆಗೇ ಬರುತ್ತಾರೆ; ಹೆಸರು ಕೊಡದವರ, ಕೊಟ್ಟು ತಪ್ಪಿಸಿಕೊಳ್ಳುವವರ ಬಾಗಿಲುಗಳಿಗೆ ಹೋಗುತ್ತಾರೆ. ಒಂದು ಬೆಳಿಗ್ಗೆಗೆ ಅರವತ್ತರಿಂದ ಎಪ್ಪತ್ತು ಬಾಗಿಲು. ಹನ್ನೊಂದು ಭಾಷೆಯಲ್ಲಿ 'ಬಾ, ಹೋಗೋಣ' ಎನ್ನಲು ಕಲಿತಿದ್ದಾರೆ. ಒಂದರ ಉಚ್ಚಾರಣೆಯೂ ನೆಟ್ಟಗಿಲ್ಲ, ಮಕ್ಕಳು ಅಣಕಿಸುತ್ತಾರೆ. "ಅಣಕಿಸಲಿ ಬಿಡಿ. ಅಣಕಿಸೋಕೆ ಬಾಗಿಲು ತೆಗೀಬೇಕಲ್ಲ," ಎನ್ನುತ್ತಾರೆ.

ಇವತ್ತು ಎರಡನೇ ಮಹಡಿಯಲ್ಲಿ ಒಂದು ಬಾಗಿಲು ತೆರೆಯುತ್ತದೆ. ಬಾಚದ ತಲೆ, ಊದಿದ ಕಣ್ಣು, ಕಾಲಲ್ಲಿ ಬೇರೆ ಬೇರೆ ಜೋಡಿಯ ಚಪ್ಪಲಿ. ಒಂಬತ್ತು ದಿನದಿಂದ ಕೋಣೆ ಬಿಟ್ಟು ಹೊರಬಾರದ ಹುಡುಗಿ.

"ನಾನು ಬರಲ್ಲ ಅಕ್ಕಾ. ಯಾರೂ ಪರಿಚಯ ಇಲ್ಲ."

"ನನಗೆ ಮಾತ್ರ ಪರಿಚಯ ಇದ್ದಾರಾ? ಚಪ್ಪಲಿ ಬದಲಾಯಿಸ್ತೀಯಾ, ಹಂಗೇ ಬರ್ತೀಯಾ?"

ಹುಡುಗಿ ತನ್ನ ಕಾಲು ನೋಡಿಕೊಳ್ಳುತ್ತಾಳೆ. ಏನು ತೋಚಿತೋ, ಹಾಗೇ ಬರುತ್ತಾಳೆ.

ಕೆಳಗೆ ಬಸ್ಸಿನ ಚಾಲಕ ಗಾಜು ಒರೆಸುತ್ತಿದ್ದಾರೆ. ಒಂಬತ್ತು ವರ್ಷದ ಜೊತೆಗಾರ. "ಏನು ಬಾವುಟದಕ್ಕ, ಸೈನ್ಯ ಎಷ್ಟು ಬಲ?" ಎಂದು ಕೇಳುತ್ತಾರೆ, ದನಿಯಲ್ಲಿ ಎಂದಿನ ಕುಚೇಷ್ಟೆ ಇಲ್ಲ. ಬಾವುಟದಕ್ಕ ಆಸನದಿಂದ ಆಸನಕ್ಕೆ ನಡೆದು ಒಬ್ಬೊಬ್ಬರ ಭುಜ ಮುಟ್ಟಿ ಎಣಿಸುತ್ತಾರೆ. ಮೂವತ್ತೇಳು. ಹಿಂದಿನಿಂದ ಮುಂದಕ್ಕೆ ಇನ್ನೊಮ್ಮೆ. ಮೂವತ್ತೇಳು.

ಫೋನ್ ಬರುತ್ತದೆ. ಅಧಿಕಾರಿಯ ದನಿ ಪಕ್ಕದಲ್ಲಿದ್ದವರಿಗೂ ಕೇಳುವಷ್ಟು ಜೋರು.

"ಎಷ್ಟಾಯ್ತು?"

"ಮೂವತ್ತೇಳು."

"ಮೂರು ತಾನೇ ಕಮ್ಮಿ. ಹಾಕಿಬಿಡಿ ಅತ್ಲಾಗೆ. ಬಸ್ಸು ನಿಂತ್ರೆ ಈ ಮಕ್ಕಳ ಗತಿ ಏನು, ಯೋಚನೆ ಮಾಡಿ. ಮೊದಲು ಹಾಕ್ತಿರಲಿಲ್ವಾ?"

ಬಾವುಟದಕ್ಕ ಕಿಟಕಿಯ ಪಕ್ಕ ಕೂತ ಎರಡು ಥರ ಚಪ್ಪಲಿಯ ಹುಡುಗಿಯನ್ನು ನೋಡುತ್ತಾರೆ. ಪಕ್ಕದಲ್ಲಿದ್ದವಳು ಅವಳಿಗೆ ಅರ್ಧ ಬಾಳೆಹಣ್ಣು ಕೊಡುತ್ತಿದ್ದಾಳೆ.

"ಮೂರು ಜನ ಕೋಣೆಯಲ್ಲಿದ್ದಾರೆ ಸಾರ್. ಬಸ್ಸಲ್ಲಿ ಇಲ್ಲ. ಇಲ್ಲದೋರನ್ನ ಇದ್ದಾರೆ ಅಂತ ಬರೆಯೋ ಕೈ ನನಗೀಗಿಲ್ಲ," ಎಂದು ಫೋನ್ ಇಡುತ್ತಾರೆ. ಪಟ್ಟಿಯ ಕೆಳಗೆ ಮೂವತ್ತೇಳು ಎಂದು ಬರೆದು, ಅಂಕಿಯಲ್ಲೂ ಅಕ್ಷರದಲ್ಲೂ ಬರೆದು, ಸಹಿ ಹಾಕುತ್ತಾರೆ. ಮುಂದಿನ ಶನಿವಾರ ಬಸ್ಸು ಬರುವುದಿಲ್ಲ ಎಂಬುದು ಆ ಸಹಿಯ ಅರ್ಥ. ಚಾಲಕ ಇಂಜಿನ್ ಚಾಲೂ ಮಾಡುತ್ತಾರೆ.

ಮೇಲಿನವರಿಗೆ ಏನಾದರೂ ಹೇಳುವುದಿದೆಯೇ ಎಂದರೆ ಬಾವುಟದಕ್ಕ ಬಾವುಟವನ್ನು ಕೋಲಿಗೆ ಸುತ್ತುತ್ತಲೇ ಉತ್ತರಿಸುತ್ತಾರೆ. ದೊಡ್ಡ ಬೇಡಿಕೆ ಏನಿಲ್ಲ ಅವರದು.

"ಬಸ್ಸು ನಿಲ್ಲಿಸ್ತಾರೆ, ನಿಲ್ಲಿಸಲಿ. ದೋಣಿ, ಅರಮನೆ ಎಲ್ಲಿಗೂ ಓಡಿಹೋಗಲ್ಲ. ಆ ಪಟ್ಟಿ ಒಂದನ್ನ ನನ್ನ ಕೈಲಿ ಬಿಟ್ಟುಬಿಡಲಿ. ಯಾವ ಕೋಣೇಲಿ ಯಾರಿದ್ದಾರೆ ಅಂತ ಗೊತ್ತಿದ್ರೆ ಸಾಕು. ಬಾಗಿಲು ತಟ್ಟೋಕೆ ನಲವತ್ತು ಜನ ಬೇಕಾಗಿಲ್ಲ. ಒಬ್ಬಳು ಸಾಕು."