ಪಾಠದ ನಡುವಿನ ಕೆಮ್ಮು

ನನಗೆ ಮೂಗಿನ ತುದಿಯಲ್ಲೇ ಕೋಪ. ಮೂವತ್ತು ವರ್ಷ ಕನ್ನಡ ಕಲಿಸಿದವಳು, ಮಕ್ಕಳು ಒಂದು ಒತ್ತಕ್ಷರ ತಪ್ಪಿದರೂ ಎಗರಾಡಿದವಳು. ಅಂಥ ನಾನು ಹತ್ತು ವರ್ಷದ ಒಬ್ಬ ಹುಡುಗಿಯ ವಿಷಯದಲ್ಲಿ ನಾಲ್ಕು ತಿಂಗಳು ಬಾಯಿಗೆ ಬೀಗ ಹಾಕಿಕೊಂಡು ಕೂತೆ. ಅದನ್ನು ಹೇಳಿಬಿಡುತ್ತೇನೆ. ಒಳಗೇ ಇಟ್ಟುಕೊಂಡರೆ ಅನ್ನ ಇಳಿಯುತ್ತಿಲ್ಲ.

ನಮ್ಮದು ತೆಲುಗು ನಾಡಿನ ಮಹಾನಗರದಲ್ಲಿ, ಕುಷಾಯಿಗೂಡದ ಕಡೆಯ ಸಣ್ಣ ಕನ್ನಡ ಶಾಲೆ. ರಾಯಚೂರು, ಯಾದಗಿರಿ, ಬೀದರ ಕಡೆಯಿಂದ ದುಡಿಯಲು ಬಂದವರ ಮಕ್ಕಳೇ ಹೆಚ್ಚು. ಮನೆಯಲ್ಲಿ ಕನ್ನಡ, ಹೊಸ್ತಿಲು ದಾಟಿದರೆ ತೆಲುಗು, ಅಂಗಡಿಗೆ ಹೋದರೆ ಹಿಂದಿ. ಎರಡು ವರ್ಷದ ಹಿಂದೆ, ಐಟಿ ಕೆಲಸಕ್ಕೆಂದು ಬೆಂಗಳೂರು, ಮೈಸೂರಿನಿಂದ ಬಂದ ಕೆಲವು ತರುಣ ತರುಣಿಯರು ಸೇರಿ ನಮಗೆ ಇಪ್ಪತ್ತು ಟ್ಯಾಬ್ ಕೊಡಿಸಿದರು. ಆವತ್ತು ಶಾಲೆಯಲ್ಲಿ ನನ್ನಷ್ಟು ಕುಣಿದವರು ಇನ್ನೊಬ್ಬರಿಲ್ಲ, ಮಕ್ಕಳನ್ನೂ ಸೇರಿಸಿ ಹೇಳುತ್ತಿದ್ದೇನೆ.

ಕುಣಿಯಲು ಕಾರಣವಿತ್ತು. ನಲವತ್ತೈದು ದಾಟಿದ ಮೇಲೆ ಅಂಚೆ ಮೂಲಕ ಎಂ.ಎಡ್. ಮಾಡಿದವಳು ನಾನು. ಭಾನುವಾರ ಅಬಿಡ್ಸಿನ ಫುಟ್‌ಪಾತಿನಲ್ಲಿ ಕುಕ್ಕರಗಾಲಲ್ಲಿ ಕೂತು, ಧೂಳು ಕೊಡವಿ, ಕಲಿಕೆಯ ಮನಶ್ಶಾಸ್ತ್ರದ ಹಳೆ ಪುಸ್ತಕಗಳನ್ನು ಆರಿಸಿ ತಂದು ಓದಿದ್ದೆ. ಬಹುಮಾನ ಕೊಟ್ಟರೆ ಕಲಿಕೆ ಗಟ್ಟಿಯಾಗುತ್ತದೆ ಎನ್ನುವ ಸಿದ್ಧಾಂತ, ಮಗು ತನ್ನ ತಿಳಿವನ್ನು ತಾನೇ ಕಟ್ಟಿಕೊಳ್ಳುತ್ತದೆ ಎನ್ನುವ ಸಿದ್ಧಾಂತ. ಎಲ್ಲಕ್ಕಿಂತ ನನ್ನ ತಲೆಗೆ ಹತ್ತಿದ್ದು ಸಾರವೆಯ ಮಾತು. ಗೋಡೆ ಏಳುವಾಗ ಮೇಸ್ತ್ರಿ ಸಾರವೆ ಕಟ್ಟಿಕೊಳ್ಳುವಂತೆ ಮಗುವಿಗೂ ಮೊದಲು ಆಸರೆ ಕಟ್ಟಿಕೊಡಬೇಕು, ಗೋಡೆ ಎದ್ದಂತೆ ಅದನ್ನು ಬಿಚ್ಚುತ್ತ ಬರಬೇಕು. ಈ ಮಾತನ್ನು ಸ್ಟಾಫ್ ರೂಮಿನಲ್ಲಿ ಎಷ್ಟು ಸಲ ಹೇಳಿದ್ದೆನೆಂದರೆ, ನಾನು ಚಹಾದ ಲೋಟ ಕೆಳಗಿಟ್ಟರೆ ಸಾಕು, ಉಳಿದವರು ಸದ್ದಿಲ್ಲದೆ ಎದ್ದು ಹೋಗುತ್ತಿದ್ದರು.

ಟ್ಯಾಬಿನಲ್ಲಿ ಪಾಠಗಳನ್ನು ಹಾಕುವಾಗ ಆ ತರುಣರು, ಯಂತ್ರದ ದನಿಯ ಕನ್ನಡ ಚೆನ್ನಾಗಿಲ್ಲ ಮೇಡಂ, ನೀವೇ ಓದಿ ಎಂದರು. ನನಗೆ ಇನ್ನೇನು ಬೇಕು? ಅವರಲ್ಲೊಬ್ಬರ ಫ್ಲಾಟಿನಲ್ಲಿ ಕಿಟಕಿ ಮುಚ್ಚಿ, ಫ್ಯಾನು ಆರಿಸಿ, ಬೆವರು ಸುರಿಸುತ್ತ ಐದನೇ ತರಗತಿಯ ಪಾಠಗಳನ್ನೆಲ್ಲ ಓದಿದೆ. ಪ್ರಶ್ನೆಗಳನ್ನೂ, ಅವುಗಳ ನಾಲ್ಕು ನಾಲ್ಕು ಉತ್ತರಗಳನ್ನೂ ಓದಿದೆ. ಪರದೆಯ ಮೇಲೆ ಕಿವಿಯ ಚಿತ್ರ; ಅದನ್ನು ಒತ್ತಿದರೆ ಹೆಡ್‌ಫೋನಿನಲ್ಲಿ ನನ್ನ ದನಿ. ಊರವರು ಸೇರಿ ಬಾವಿ ತೋಡಿದ ಪಾಠ ಓದುವಾಗ, "ಕೊನೆಗೂ ನೀರು" ಎಂಬಲ್ಲಿ ಗಂಟಲು ಕಟ್ಟಿ ಒಮ್ಮೆ ಕೆಮ್ಮಿದೆ, ಆಮೇಲೆ "ಬಂತು" ಎಂದೆ. ಮತ್ತೆ ಓದೋಣವೇ ಎಂದು ಕೇಳಿದರು. ಇರಲಿ ಬಿಡಿ, ಕೆಮ್ಮದ ಟೀಚರ್ ಎಲ್ಲಿದ್ದಾರೆ ಎಂದು ನಕ್ಕೆ.

ಆ ಹುಡುಗಿ ನಮ್ಮಲ್ಲಿಗೆ ಬಂದದ್ದು ಕಳೆದ ಜೂನ್‌ನಲ್ಲಿ, ನೇರ ಐದನೇ ತರಗತಿಗೆ. ಅಪ್ಪ ರಾಯಚೂರು ಕಡೆಯ ಗೌಂಡಿ. ಕಟ್ಟಡ ಎಲ್ಲಿ ಏಳುತ್ತದೋ ಅಲ್ಲಿ ಅವರ ಬಿಡಾರ, ಹತ್ತಿರ ಯಾವುದಿದೆಯೋ ಅದು ಅವಳ ಶಾಲೆ. ಅಲ್ಲಿಯವರೆಗೆ ಮೂರು ತೆಲುಗು ಶಾಲೆ ಸುತ್ತಿದ್ದಳು. ಕನ್ನಡ ಅರಳು ಹುರಿದಂತೆ ಮಾತಾಡುತ್ತಿದ್ದಳು. ಓದಲು ಬರುತ್ತದೆಯೇ ಎಂದು ನಾನು ಕೇಳಲೂ ಇಲ್ಲ. ಈ ಊರಿನ ಕನ್ನಡ ಟೀಚರುಗಳೆಲ್ಲ ನಂಬಿಕೊಂಡ ಒಂದು ಮಾತಿದೆ: ತೆಲುಗು ಅಕ್ಷರ ಕಲಿತ ಮಗುವಿಗೆ ಕನ್ನಡ ಅಕ್ಷರ ತಾನಾಗಿ ಬರುತ್ತದೆ, ಎರಡೂ ಅಕ್ಕತಂಗಿ ಇದ್ದಂತೆ. ಅವಳಿಗೆ ತೆಲುಗು ಅಕ್ಷರವೂ ಸರಿಯಾಗಿ ಬರುತ್ತಿರಲಿಲ್ಲ ಎಂಬುದು ನನಗೆ ತಿಳಿದದ್ದು ಆಮೇಲೆ.

ಈ ವರ್ಷದ ಕಿರುಪರೀಕ್ಷೆಗಳನ್ನೆಲ್ಲ ನಾನು ಟ್ಯಾಬಿನಲ್ಲೇ ಮಾಡಿದೆ. ಸರಿಯುತ್ತರಕ್ಕೆ ಒಂದು ನಕ್ಷತ್ರ; ನಕ್ಷತ್ರ ಹೆಚ್ಚಿದಂತೆ ಪರದೆಯ ಚಿತ್ರದಲ್ಲಿ ಆ ಮಗುವಿನ ಗೆರೆ ಮೇಲೇರುತ್ತದೆ. ಆಗಸ್ಟ್ ಹೊತ್ತಿಗೆ ಅವಳ ಗೆರೆ ಎಲ್ಲರಿಗಿಂತ ಮೇಲಿತ್ತು. ತೆಲುಗು ಶಾಲೆಯ ಹುಡುಗಿ ಎರಡೇ ತಿಂಗಳಲ್ಲಿ ಮೊದಲ ಸ್ಥಾನ! ಆ ಚಿತ್ರವನ್ನು ಪ್ರಿಂಟು ಹಾಕಿಸಿ ಸ್ಟಾಫ್ ರೂಮಿನ ಗೋಡೆಗೆ ಅಂಟಿಸಿದೆ. ಬೀಗಿದೆ ಎಂದೇ ಹೇಳಬೇಕು.

ನವೆಂಬರಿನಲ್ಲಿ ನಮ್ಮ ಪದ್ಧತಿ ನೋಡಲು ಬೇರೆ ಶಾಲೆಗಳ ಹತ್ತು ಹನ್ನೆರಡು ಶಿಕ್ಷಕರು ಬಂದರು. ಟ್ಯಾಬ್ ಕೊಡಿಸಿದ ತರುಣರೂ ಬಂದಿದ್ದರು. ನಾನು ಸಾರವೆಯ ಸಿದ್ಧಾಂತ ವಿವರಿಸಿದೆ. ಅದಕ್ಕೊಂದು ಫೋಟೊ ಬೇಕೆಂದು ಹುಡುಗಿಯ ಅಪ್ಪನಿಗೇ ಹೇಳಿಕಳಿಸಿದ್ದೆ. ಪಾಪ, ತಾನು ಕೆಲಸ ಮಾಡುವ ನಾಲ್ಕಂತಸ್ತಿನ ಕಟ್ಟಡದ ಸಾರವೆಯ ಫೋಟೊವನ್ನು ಮೂರು ಕಡೆಯಿಂದ ತೆಗೆದು ಕಳಿಸಿದ್ದ. ಆಮೇಲೆ ಅವಳನ್ನು ಕರೆದು, ಟ್ಯಾಬ್ ಇಲ್ಲದೆ, ಪುಸ್ತಕ ಕೈಗೆ ಕೊಟ್ಟು, ಬಾವಿಯ ಪಾಠ ಓದಮ್ಮ ಎಂದೆ.

ಓದಿದಳು. ಎಲ್ಲೂ ತಡವರಿಸಲಿಲ್ಲ. ಗಟ್ಟಿ ದನಿ, ಸ್ಪಷ್ಟ ಉಚ್ಚಾರ. ತರುಣರಲ್ಲೊಬ್ಬ ವಿಡಿಯೊ ಮಾಡುತ್ತಿದ್ದ. "ಕೊನೆಗೂ ನೀರು" ಎಂದಳು, ಒಮ್ಮೆ ಕೆಮ್ಮಿದಳು, "ಬಂತು" ಎಂದಳು.

ನೆಗಡಿಯ ಕೆಮ್ಮಲ್ಲ ಅದು, ನನ್ನ ಕೆಮ್ಮು. ಅದೇ ಜಾಗ, ಅಷ್ಟೇ ಹೊತ್ತು. ಅವಳ ಬೆರಳಿನ ಕಡೆ ನೋಡಿದೆ. ಬಾಯಿ ಪಾಠದ ಕೊನೆಯಲ್ಲಿತ್ತು, ಬೆರಳು ಪುಟದ ಮೇಲ್ತುದಿಯಲ್ಲೇ ಇತ್ತು. ಅವಳು ಓದುತ್ತಿರಲಿಲ್ಲ, ಹೆಡ್‌ಫೋನಿನಲ್ಲಿ ಕೇಳಿ ಕೇಳಿ ಕಲಿತ ನನ್ನ ದನಿಯನ್ನೇ ಒಪ್ಪಿಸುತ್ತಿದ್ದಳು. ಆ ನಕ್ಷತ್ರಗಳೂ ಕಿವಿಯ ಚಿತ್ರ ಒತ್ತಿ ಕೇಳಿ ಗಳಿಸಿದವೇ. ತಲೆ ಎತ್ತಿ ನನ್ನ ಮುಖ ನೋಡಿದಳು, ನಾನೂ ನೋಡಿದೆ. ಅಷ್ಟರಲ್ಲಿ ಚಪ್ಪಾಳೆ ಬಿತ್ತು. ನಾನೂ ತಟ್ಟಿದೆ.

ಆವತ್ತು ಬಸ್ಸಿನಲ್ಲಿ ತಾರ್ನಾಕದ ಮನೆಗೆ ಬರುವಾಗ, ನಾಳೆಯಿಂದಲೇ ಅವಳನ್ನು ಕೂರಿಸಿಕೊಂಡು ಅ ಆ ಇ ಈ ಶುರು ಮಾಡುತ್ತೇನೆ ಎಂದುಕೊಂಡೆ. ಮಾಡಲಿಲ್ಲ. ಮರುದಿನವೇ ಎರಡು ಶಾಲೆಯವರು ಫೋನ್ ಮಾಡಿ ನಮ್ಮಲ್ಲಿಗೂ ಬಂದು ಹೇಳಿಕೊಡಿ ಎಂದರು. ಗೋಡೆಯ ಮೇಲಿನ ಗೆರೆ ಸುಳ್ಳು ಎಂದು ಯಾವ ಬಾಯಿಂದ ಹೇಳಲಿ? ಈ ತಿಂಗಳು ಮುಗಿಯಲಿ, ಕ್ರಿಸ್ಮಸ್ ರಜೆ ಕಳೆಯಲಿ, ಸಂಕ್ರಾಂತಿ ಆಗಲಿ ಎಂದು ದಿನ ದೂಡಿದೆ. ಅಲ್ಲಲ್ಲಿ ಹೋಗಿ ಸಾರವೆ ಬಿಚ್ಚುವ ಬಗ್ಗೆ ಭಾಷಣ ಮಾಡಿದೆ. ನಾಚಿಕೆಗೇಡು, ಇನ್ನೇನು ಹೇಳಲಿ.

ಡಿಸೆಂಬರಿನಲ್ಲಿ ಅವಳ ಅಪ್ಪ ಶಾಲೆಗೆ ಬಂದಿದ್ದ. ಅವರ ಜಿಲ್ಲೆಯಲ್ಲೊಂದು ಹೆಣ್ಣುಮಕ್ಕಳ ವಸತಿ ಶಾಲೆ. ಆರನೇ ತರಗತಿಗೆ ಪ್ರವೇಶ ಪರೀಕ್ಷೆ, ಕನ್ನಡದಲ್ಲೇ. ಸೀಟು ಸಿಕ್ಕರೆ ಹುಡುಗಿ ಹತ್ತನೆಯವರೆಗೆ ಒಂದೇ ಕಡೆ ನೆಲೆ ನಿಲ್ಲುತ್ತಾಳೆ, ನಮ್ಮ ಜೊತೆ ಊರೂರು ಅಲೆಯುವುದು ತಪ್ಪುತ್ತದೆ ಎಂದು ಹೇಳಿಕೊಂಡ. ಕೈಗೆ ಹತ್ತಿದ ಸಿಮೆಂಟನ್ನು ಉಗುರಿನಿಂದ ಕೆರೆಯುತ್ತ ಮೆಲ್ಲಗೆ ಕೇಳಿದ:

"ಆಕಿಗೆ ಓದಾಕ ಬರ್ತೈತೇನ್ರಿ, ಟೀಚರ್? ನಮಗಂತೂ ತಿಳಿಯಂಗಿಲ್ಲ. ನಮ್ಮ ಬಾಜೂಕ ಒಬ್ಬಾಕಿ ಅದಾಳ, ಸಂಜೀಕ ಅಕ್ಷರ ಹೇಳಿಕೊಡ್ತಾಳ. ಅಲ್ಲಿ ಕುಂದ್ರಸ್ಲೇನು?"

ಅವನ ತಲೆಯ ಮೇಲೆಯೇ ಗೋಡೆಗೆ ಅಂಟಿಸಿದ ಆ ಚಿತ್ರವಿತ್ತು. ಹೂಂ ಎಂದಿದ್ದರೆ ಸಾಕಿತ್ತು. ಒಂದೇ ಒಂದು ಹೂಂ.

"ಏನೂ ಬ್ಯಾಡ್ರಿ," ಎಂದೆ. "ಇಡೀ ಕ್ಲಾಸಿಗೇ ಮುಂದ ಅದಾಳ ನಿಮ್ಮ ಮಗಳು."

ಅವನ ಮುಖ ಅರಳಿತು. ಎರಡೂ ಕೈ ಎತ್ತಿ ಮುಗಿದ. ನಾನು ಹಾಜರಿ ಪುಸ್ತಕದಲ್ಲಿ ಏನನ್ನೋ ಹುಡುಕುವವಳಂತೆ ತಲೆ ಬಗ್ಗಿಸಿದೆ.

ಮಾರ್ಚಿನಲ್ಲಿ ಪರೀಕ್ಷೆಯಾಯಿತು. ಅಪ್ಪ ಎರಡು ದಿನದ ಕೆಲಸ ಬಿಟ್ಟು ರಾಯಚೂರಿಗೆ ಕರೆದುಕೊಂಡು ಹೋಗಿ ಬಂದ. ಮೂರನೆಯ ದಿನ ಬೆಳಿಗ್ಗೆ ಪ್ರಾರ್ಥನೆ ಮುಗಿಯುವ ಮೊದಲೇ ಶಾಲೆಯ ಬಾಗಿಲಲ್ಲಿ ನಿಂತಿದ್ದ, ಮಗಳು ಪಕ್ಕದಲ್ಲಿ. ನೋಡಿದ ಕೂಡಲೇ ನನಗೆ ಗೊತ್ತಾಯಿತು. ಹಾಳೆಯ ಮೇಲೆ ಹೆಸರೊಂದನ್ನು ಬಿಟ್ಟು ಏನೂ ಬರೆಯದೆ ಎದ್ದು ಬಂದಿದ್ದಳು. ಹೆಸರು ಬರೆಯಲು ಮಾತ್ರ ಬರುತ್ತಿತ್ತು.

ಬೈದರೆ ಬೈಸಿಕೊಳ್ಳೋಣ ಎಂದು ಸಿದ್ಧಳಾಗಿಯೇ ಹತ್ತಿರ ಹೋದೆ. ಅವನು ಬೈಯಲಿಲ್ಲ.

"ನೀವು ಬ್ಯಾಡ ಅಂದ್ರಲ್ರಿ, ಅದಕ್ಕ ಆ ಬಾಜೂದಾಕಿ ಹಂತ್ಯಾಕ ಕುಂದ್ರಸಲಿಲ್ಲ," ಎಂದ. ಮತ್ತೆ ತಾನೇ ಸಂಕೋಚಪಟ್ಟುಕೊಂಡು, "ನಿಮ್ಮ ತಪ್ಪಲ್ರಿ ಟೀಚರ್. ಇಕೀನ ಅಲ್ಲಿ ಹೋಗಿ ಅಂಜಿರಬೇಕು," ಎಂದ.

ಆಗಲಾದರೂ ಹೇಳಬೇಕಿತ್ತು. ತಪ್ಪು ನನ್ನದೇ, ನವೆಂಬರಿನಿಂದ ನನಗೆ ಗೊತ್ತಿತ್ತು ಎಂದು. ಕೆಲಸಕ್ಕೆ ಹೊತ್ತಾಯಿತೆಂದು ಅವನು ಮಗಳನ್ನು ಬಿಟ್ಟು ಹೊರಟ.

ಮಕ್ಕಳೆಲ್ಲ ತರಗತಿಗೆ ಹೋದ ಮೇಲೆ ಅವಳನ್ನು ಹೊರಗಿನ ಕಟ್ಟೆಯ ಮೇಲೆ ಕೂರಿಸಿಕೊಂಡೆ. ಕೋಪ ಬಂದಿತ್ತು, ಯಾರ ಮೇಲೆ ಅಂತ ಕೇಳಬೇಡಿ. ಓದಲು ಬರುವುದಿಲ್ಲ ಎಂದು ನನಗೆ ಒಂದು ಮಾತು ಹೇಳಬಾರದಿತ್ತೇನೇ ಎಂದು ಗದರಿದೆ. ಹೌದು, ಅವಳನ್ನೇ ಗದರಿದೆ.

ಅವಳು ಅಳಲಿಲ್ಲ. ಲಂಗದ ಅಂಚನ್ನು ಬೆರಳಿಗೆ ಸುತ್ತುತ್ತ, ನನ್ನ ಮುಖ ನೋಡದೆ ಹೇಳಿದಳು:

"ಮಂದಿ ಬಂದಿದ್ರಲ್ರಿ, ಆವತ್ತು ನಾ ಬೇಕಂತನ ಕೆಮ್ಮಿದೆ. ನಿಮಗ ತಿಳೀಲಿ ಅಂತ. ನೀವು ನನ್ನ ನೋಡಿದ್ರಿ. ನಾಳೆ ಕರೀತೀರಿ, ನಾಡಿದ್ದು ಕರೀತೀರಿ ಅಂತ ಕಾಯ್ದೆ, ಟೀಚರ್."

ತನಗೆ ಗೊತ್ತಿದ್ದ ಒಂದೇ ದಾರಿಯಲ್ಲಿ ಆ ಮಗು ನನ್ನನ್ನು ಕೂಗಿ ಕರೆದಿತ್ತು, ನಾನು ಚಪ್ಪಾಳೆ ತಟ್ಟಿದ್ದೆ.

ಆ ಸಂಜೆ ಶಾಲೆ ಬಿಟ್ಟ ಮೇಲೆ ಅವಳ ಜೊತೆ ನಡೆದು ಅವರ ಬಿಡಾರಕ್ಕೆ ಹೋದೆ. ಅಪ್ಪ ಕೈಕಾಲು ತೊಳೆಯುತ್ತಿದ್ದ. ನನ್ನನ್ನು ಕಂಡು ಗಾಬರಿಯಾಗಿ ಕೂರಲು ಪ್ಲಾಸ್ಟಿಕ್ ಕುರ್ಚಿ ತಂದ. ಕೂರಲಿಲ್ಲ. ನಿಂತುಕೊಂಡೇ, ನನಗೆ ಗೊತ್ತಿತ್ತು ಎಂಬುದನ್ನು ಮೊದಲಿನಿಂದ ಕೊನೆಯವರೆಗೆ ಹೇಳಿದೆ. ಅವನು ಕೇಳಿದ. ತಂದ ಕುರ್ಚಿಯನ್ನು ಎತ್ತಿ ಗೋಡೆಗೆ ಒರಗಿಸಿಟ್ಟ. ಕೊನೆಗೆ, ಮೇ ತಿಂಗಳ ತನಕ ಇಲ್ಲಿ ಕೆಲಸ ಐತ್ರಿ, ಆಮ್ಯಾಲ ಎಲ್ಲೋ ಏನೋ ಎಂದಷ್ಟೇ ಹೇಳಿ ಒಳಗೆ ಹೋದ. ಈ ಸಲ ಕೈ ಮುಗಿಯಲಿಲ್ಲ.

ಈಗ ದಿನಾ ಬೆಳಿಗ್ಗೆ ಒಂದು ತಾಸು ಮೊದಲೇ ಶಾಲೆಗೆ ಬರುತ್ತೇನೆ. ಅವಳೂ ಬರುತ್ತಾಳೆ. ಟ್ಯಾಬ್ ಬೀರುವಿನಲ್ಲಿರುತ್ತದೆ, ಸ್ಲೇಟು, ಬಳಪ, ನಾವಿಬ್ಬರು. ಒತ್ತಕ್ಷರಕ್ಕೆ ಬಂದಿದ್ದೇವೆ. ತಪ್ಪಿದರೆ ನಾನು ಗದರುವುದಿಲ್ಲ, ಒರೆಸಿ ಮತ್ತೆ ಬರೆಯುತ್ತಾಳೆ. ಮೇ ಬರಲು ಇನ್ನು ಹನ್ನೊಂದು ದಿನ ಇದೆ.