ನಾಲ್ಕು ಹನಿ ಕೊಬ್ಬರಿ ಎಣ್ಣೆ

ಹೋದ ವಾರ ಪಕ್ಕದ ಮನೆಯಾಕೆ ತಲೆಗೆ ಹಚ್ಚುವ ಎಣ್ಣೆ ಕಾಯಿಸಲು ಒಲೆಯ ಮೇಲೆ ಬಾಣಲೆ ಇಟ್ಟು, ಫೋನಿನಲ್ಲಿ ತವರಿನವರ ಜೊತೆ ಮಾತಿಗೆ ಬಿದ್ದಿದ್ದರು. ದಾಸವಾಳದ ಎಲೆ, ಕರಿಬೇವು, ಮೆಂತ್ಯ ಎಲ್ಲವೂ ಕರಕಲಾಗಿ, ಕೊನೆಗೆ ಕೊಬ್ಬರಿ ಎಣ್ಣೆಯೇ ಸುಟ್ಟು ನೀಲಿ ಹೊಗೆ ನಮ್ಮ ಅಡುಗೆಮನೆಯ ಕಿಟಕಿಯಿಂದ ಒಳಗೆ ಬಂತು. ಅವರು ಅಲ್ಲಿ ಅಯ್ಯೋ ಅಯ್ಯೋ ಅನ್ನುತ್ತಾ ಓಡಾಡುತ್ತಿದ್ದರೆ ನಾನು ಇಲ್ಲಿ ಪಾತ್ರೆ ತೊಳೆಯುವುದನ್ನು ಬಿಟ್ಟು ಸುಮ್ಮನೆ ನಿಂತುಬಿಟ್ಟೆ. ಸುಟ್ಟ ಕೊಬ್ಬರಿ ಎಣ್ಣೆಯ ವಾಸನೆ ಬಂದರೆ ನನಗೆ ಇವತ್ತಿಗೂ ಕಿವಿ ಬಿಸಿಯಾಗುತ್ತದೆ. ಒಬ್ಬ ಹಿರಿಯರಿಗೆ ನಾನು ಮಾಡಿದ ಅನ್ಯಾಯ ನೆನಪಾಗುತ್ತದೆ.

ಅವರು ದಾವಣಗೆರೆಯ ಆನೆಕೊಂಡದಲ್ಲಿ ಬಂದೂಕು ರಿಪೇರಿ ಮಾಡುತ್ತಿದ್ದರು. ಹರಿಹರದ ಕಾರ್ಖಾನೆಯೊಂದರಲ್ಲಿ ಲೇತ್ ಕೆಲಸ ಕಲಿತು, ಆಮೇಲೆ ಅದನ್ನು ಬಿಟ್ಟು, ಮನೆಯ ಮುಂದಿನ ಕೋಣೆಯಲ್ಲೇ ಈ ಕೆಲಸಕ್ಕೆ ಕೂತವರು. ಹಣೆಯ ತುಂಬ ವಿಭೂತಿ, ಖಾಕಿ ಬಣ್ಣದ ಅರ್ಧ ತೋಳಿನ ಅಂಗಿ, ದಾರ ಕಟ್ಟಿ ಕುತ್ತಿಗೆಗೆ ಇಳಿಬಿಟ್ಟ ಕನ್ನಡಕ. ಗೋಡೆಯ ಮೇಲೆ ಬಸವಣ್ಣನ ಪಟ, ಅದರ ಪಕ್ಕಕ್ಕೆ ಅಷ್ಟೇ ದೊಡ್ಡ ಕಟ್ಟು ಹಾಕಿಸಿದ ಲೈಸೆನ್ಸ್. ಎರಡಕ್ಕೂ ದಿನಾ ಊದುಬತ್ತಿ. ನಮ್ಮ ಶೂಟಿಂಗ್ ಕ್ಲಬ್ಬಿನಲ್ಲಿ ಎಲ್ಲರೂ ಅವರನ್ನು ಯಜಮಾನ್ರು ಎನ್ನುತ್ತಿದ್ದರು, ನಾನೂ ಹಾಗೇ ಕರೆದೆ.

ನಾನು ಆಗ ಹರಿಹರದ ಹೈಸ್ಕೂಲೊಂದರಲ್ಲಿ ವಿಜ್ಞಾನದ ಟೀಚರ್. ಕಾಲೇಜಿನಲ್ಲಿ ಎನ್‌ಸಿಸಿಯಲ್ಲಿದ್ದಾಗ ಹತ್ತಿದ್ದ ಹುಚ್ಚು ಮೂವತ್ತಾರನೆಯ ವಯಸ್ಸಿಗೆ ಮತ್ತೆ ಕೆದಕಿತು. ಭಾನುವಾರ ಬೆಳಗ್ಗೆ ನಮ್ಮ ಮನೆಯವರಿಗೆ ಮಂಡಕ್ಕಿ ಒಗ್ಗರಣೆ ಮಾಡಿಟ್ಟು ದಾವಣಗೆರೆಯ ಬಸ್ಸು ಹತ್ತುತ್ತಿದ್ದೆ. ಹಳೆಯ ಹತ್ತಿ ಗೋದಾಮಿನೊಳಗೆ ಹತ್ತು ಮೀಟರ್ ಅಳೆದು ಕ್ಲಬ್ಬಿನವರು ಗುರಿ ಹಲಗೆ ನಿಲ್ಲಿಸಿದ್ದರು. ಇದ್ದ ಇಪ್ಪತ್ತು ಚಿಲ್ಲರೆ ಮಂದಿಯಲ್ಲಿ ಹೆಂಗಸು ನಾನೊಬ್ಬಳೇ. ಕೆಲವರು ಮೂಗು ಮುರಿದರು. ಒಬ್ಬ ಹಿರಿಯ ಸದಸ್ಯರಂತೂ ನಾನು ರೈಫಲ್ ಎತ್ತಿದಾಗಲೆಲ್ಲ ಕುರ್ಚಿಯನ್ನು ಎರಡು ಗೇಣು ಹಿಂದಕ್ಕೆ ಸರಿಸಿಕೊಳ್ಳುತ್ತಿದ್ದರು. ನನಗೆ ಮೂಗಿನ ತುದಿಯಲ್ಲೇ ಸಿಟ್ಟು, ಆದರೂ ತಡೆದುಕೊಂಡೆ. ಆಟ ಬೇಕಾಗಿತ್ತು.

ನನ್ನದೇ ಒಂದು ಏರ್ ರೈಫಲ್ ಕೊಳ್ಳಬೇಕೆಂದಾಗ ಮೊದಲು ಹೋದದ್ದು ಯಜಮಾನರ ಬಳಿಗೆ. ನಾನು ದುರ್ಬೀನು ಕೂರಿಸಿದ, ಕಪ್ಪಗೆ ಮಿಂಚುವ, ಐದು ಕಿಲೋ ತೂಗುವ ಒಂದನ್ನು ನೋಡಿಟ್ಟು ಅದರ ಫೋಟೋ ತೋರಿಸಿದೆ. ಅವರು ಫೋಟೋ ನೋಡಲೇ ಇಲ್ಲ. ನನ್ನ ಮೊಣಕೈಯ ಮಡಿಕೆಯಿಂದ ತೋರುಬೆರಳಿನ ತನಕ ದಾರ ಹಿಡಿದು ಅಳೆದು, ಆ ದಾರವನ್ನು ಮೂಲೆಯಲ್ಲಿದ್ದ ನಾಲ್ಕೈದು ರೈಫಲ್‌ಗಳ ಹಿಂದಿನ ಮರಕ್ಕೆ ಹಿಡಿದು ನೋಡಿ, ಒಂದನ್ನು ಕೈಗೆ ಕೊಟ್ಟರು.

"ಕಣ್ಣು ಮುಚ್ರಿ ಟೀಚರ್. ಭುಜಕ್ಕೆ ಎತ್ರಿ. ಈಗ ಕಣ್ಣು ಬಿಡ್ರಿ. ಗುರಿ ಕಣ್ಣಿಗೆ ನೇರ ಐತಾ?"

ಇತ್ತು. ಕತ್ತು ತಗ್ಗಿಸಬೇಕಾಗಲಿಲ್ಲ, ಕೆನ್ನೆ ಒತ್ತಬೇಕಾಗಲಿಲ್ಲ. ಕಣ್ಣು ಬಿಟ್ಟಾಗ ಎಲ್ಲವೂ ಅದರದರ ಜಾಗದಲ್ಲಿತ್ತು. ಬಣ್ಣ ಮಾಸಿದ, ಯಾರೂ ಎರಡನೆಯ ಸಲ ತಿರುಗಿ ನೋಡದಂಥ ರೈಫಲ್ ಅದು. ಮಣ್ಣಿನ ಬಿಲ್ಲೆ ಹಾರಿಸಿ ಹೊಡೆಯುವವರು ಬಂದೂಕು ಆರಿಸಲು ಬಂದರೂ ಇದೇ ಪರೀಕ್ಷೆ. ಅದು ವಿದೇಶದ್ದೋ ಸ್ವದೇಶದ್ದೋ, ಮರದ ಮೇಲೆ ಕೆತ್ತನೆ ಇದೆಯೋ ಇಲ್ಲವೋ ಎಂಬುದೆಲ್ಲ ಅವರಿಗೆ ಆಮೇಲಿನ ಮಾತು.

ಅವರ ಕೋಣೆಯಲ್ಲಿ ಕೂತು ನೋಡುವುದೇ ಒಂದು ಪಾಠ. ಜೋಡುನಳಿಗೆ ಬಂದೂಕನ್ನು ಬಿಚ್ಚಿ, ನಳಿಗೆಯನ್ನು ಕಿಟಕಿಯ ಬೆಳಕಿಗೆ ಹಿಡಿದು, ಒಳಗೆ ಕಾಣುವ ಬೆಳಕಿನ ಬಳೆಗಳನ್ನು ನೋಡುತ್ತಾ ಬಹಳ ಹೊತ್ತು ಇರುತ್ತಿದ್ದರು. ಬಳೆ ಎಲ್ಲಿ ಸೊಟ್ಟಗಾಯಿತೋ ಅಲ್ಲಿ ನಳಿಗೆಗೆ ಪೆಟ್ಟು ಬಿದ್ದಿದೆ ಎಂದರ್ಥ. ಬಂದೂಕನ್ನು ಚರ್ಮದ ಚೀಲದಲ್ಲಿ ತಿಂಗಳುಗಟ್ಟಲೆ ಇಟ್ಟವರನ್ನು ಬೈಯುತ್ತಿದ್ದರು, ಚರ್ಮ ತೇವ ಹಿಡಿದಿಟ್ಟು ಕಬ್ಬಿಣ ತಿನ್ನುತ್ತದೆಂದು. ಒರೆಸಿ ಎಣ್ಣೆ ಹಚ್ಚಿದ ಬಂದೂಕನ್ನು ಬಾಯಿ ಕೆಳಗೆ ಮಾಡಿಯೇ ನಿಲ್ಲಿಸುತ್ತಿದ್ದರು, ಎಣ್ಣೆ ಇಳಿದು ಮರಕ್ಕೆ ಹೋಗಬಾರದೆಂದು. ಕೆಲವರ ಬೆವರಿನಲ್ಲಿ ಉಪ್ಪು ಹೆಚ್ಚು, ಅಂಥವರು ಮುಟ್ಟಿದರೆ ಬೆಳಗಾಗುವುದರೊಳಗೆ ತುಕ್ಕು. ನನ್ನ ಕೈಯೂ ಆ ಪೈಕಿಯದೆಂದು ಹೇಳಿ ಒಂದು ಮೆತ್ತನೆಯ ಬಟ್ಟೆ ಕೊಟ್ಟಿದ್ದರು...

ಆಯುಧ ಪೂಜೆಯ ವಿಷಯ ಬಂದರಂತೂ ಅವರಿಗೆ ನಗು ತಡೆಯುತ್ತಿರಲಿಲ್ಲ. ಹೊಲದ ಕಾವಲಿಗೆಂದು ಬಂದೂಕು ಇಟ್ಟುಕೊಂಡ ಸುತ್ತಲಿನ ಹಳ್ಳಿಯ ದೊಡ್ಡ ಕುಳಗಳು ಹಬ್ಬದ ದಿನ ಅದಕ್ಕೆ ನೀರು ಚಿಮುಕಿಸಿ, ಕುಂಕುಮ ಬಳಿದು, ನಿಂಬೆಹಣ್ಣು ಹಿಂಡಿ, ಹೂವು ಮುಡಿಸಿ, ಮೂರು ದಿನ ಹಾಗೇ ಬಿಡುತ್ತಿದ್ದರು. ನಾಲ್ಕನೆಯ ದಿನ ನಳಿಗೆಯ ಮೇಲೆ ಕಂದು ಮಚ್ಚೆ ಎದ್ದ ಬಂದೂಕುಗಳು ಸಾಲಾಗಿ ಆನೆಕೊಂಡಕ್ಕೆ ಬರುತ್ತಿದ್ದವು. ನಾನೂ ಅವರ ಜೊತೆ ಸೇರಿ ನಕ್ಕಿದ್ದೆ, ಓದಿದವಳೆಂಬ ಬಿಗುಮಾನದಲ್ಲಿ.

ರೈಫಲ್ ಕೊಡುವಾಗ ಅವರು ಒಂದೇ ಒಂದು ಎಚ್ಚರಿಕೆ ಹೇಳಿದ್ದರು. "ಮ್ಯಾಲೆ ಎಷ್ಟಾರ ಒರೆಸ್ರಿ. ಒಳಗೆ ಗಾಳಿ ತುಂಬೋ ಮನೆಗೆ ಮಾತ್ರ ಎಣ್ಣೆ ಹಾಕಬ್ಯಾಡ್ರಿ." ನಾನು ತಲೆಯಾಡಿಸಿದ್ದೆ.

ಆ ವರ್ಷ ದಸರಾ ಮುಗಿದ ಮೂರನೆಯ ದಿನ ನಮ್ಮ ಕ್ಲಬ್ಬಿನಲ್ಲಿ ಸುತ್ತಲಿನ ಜಿಲ್ಲೆಯವರೆಲ್ಲ ಬರುವ ಪಂದ್ಯ. ಗೆದ್ದವರಿಗೆ ರಾಜ್ಯಮಟ್ಟಕ್ಕೆ ಹೋಗುವ ಅವಕಾಶ. ಹಬ್ಬಕ್ಕೆ ಮೊದಲು ಯಜಮಾನರು ಕ್ಲಬ್ಬಿನ ಐದು ರೈಫಲ್‌ಗಳನ್ನೂ ನನ್ನದನ್ನೂ ಬಿಚ್ಚಿ, ಸ್ವಚ್ಛ ಮಾಡಿ, ಸ್ಪ್ರಿಂಗ್ ನೋಡಿ, ಜೋಡಿಸಿ ಕೊಟ್ಟರು. ಆ ಹೊತ್ತಿಗೆ ಅವರಿಗೆ ಗಟ್ಟಿಯಾಗಿ ಉಳಿದಿದ್ದ ಕೆಲಸವೆಂದರೆ ನಮ್ಮ ಕ್ಲಬ್ಬಿನದೊಂದೇ.

ಆಯುಧ ಪೂಜೆಯ ದಿನ ಮನೆಯ ಹೊಲಿಗೆ ಯಂತ್ರ, ಸ್ಕೂಟರ್, ಮಿಕ್ಸಿ, ಈಳಿಗೆಮಣೆ ಎಲ್ಲವನ್ನೂ ತೊಳೆದು ಸಾಲಾಗಿ ಇಟ್ಟೆ. ರೈಫಲ್ಲಿಗೂ ಒಂದು ಜಾಗ ಕೊಟ್ಟೆ. ನೀರು ಮುಟ್ಟಿಸಲಿಲ್ಲ, ನಿಂಬೆಹಣ್ಣು ಹಿಂಡಲಿಲ್ಲ, ಅಷ್ಟು ಬುದ್ಧಿಯಿತ್ತು. ಆದರೆ ಹೊಲಿಗೆ ಯಂತ್ರಕ್ಕೂ ಸ್ಕೂಟರಿನ ಸ್ಟ್ಯಾಂಡಿಗೂ ಹಬ್ಬದ ಹೆಸರಿನಲ್ಲಿ ಎಣ್ಣೆ ಬಿಟ್ಟವಳಿಗೆ ಇದೊಂದನ್ನೇ ಎಣ್ಣೆಯಿಲ್ಲದೆ ಬಿಡಲು ಮನಸ್ಸಾಗಲಿಲ್ಲ. ಮಷಿನ್ ಎಣ್ಣೆ ಮುಗಿದಿತ್ತು. ಕನ್ನಡಿಯ ಮುಂದಿದ್ದ ಕೊಬ್ಬರಿ ಎಣ್ಣೆಯ ಬಾಟಲಿ ತಂದು, ನಳಿಗೆ ಬಗ್ಗಿಸಿದಾಗ ಹಿಂದೆ ಕಾಣುವ, ಗಾಳಿ ನುಗ್ಗಿ ಬರುವ ಸಣ್ಣ ತೂತಿನೊಳಗೆ ನಾಲ್ಕು ಹನಿ ಬಿಟ್ಟೆ. ಯಜಮಾನರ ಮಾತು ನೆನಪಾಗಲಿಲ್ಲವೆಂದು ಹೇಳಿದರೆ ಸುಳ್ಳಾಗುತ್ತದೆ. ಪೂಜೆಯ ಎಣ್ಣೆ ಲೆಕ್ಕಕ್ಕಿಲ್ಲ ಎಂದುಕೊಂಡೆನೋ ಏನೋ...

ಪಂದ್ಯದ ದಿನ ನನ್ನ ಮೊದಲ ಗುಂಡಿಗೇ ಢಂ ಎಂಬ ಸದ್ದು ಗೋದಾಮಿನ ತಗಡನ್ನು ನಡುಗಿಸಿತು. ಏರ್ ರೈಫಲ್ಲಿಗೆ ಅಂಥ ಸದ್ದೇ ಇರುವುದಿಲ್ಲ. ನಳಿಗೆಯಿಂದ ನೀಲಿ ಹೊಗೆ. ಪೆಲೆಟ್, ಅಂದರೆ ಅದರ ಸೀಸದ ಪುಟ್ಟ ಗುಂಡು, ಹಲಗೆಯನ್ನು ಬಿಟ್ಟು ಹಿಂದಿನ ಮರಳುಚೀಲಕ್ಕೆ ಹೊಡೆದಿತ್ತು. ಎರಡನೆಯದೂ ಹಾಗೇ. ಮೂರನೆಯದಕ್ಕೆ ಒಳಗಿನ ವಾಷರ್ ಸುಟ್ಟು, ಪುಸ್ ಎಂದು ಗಾಳಿ ಹೋಗಿ, ಪೆಲೆಟ್ ಅಲ್ಲೇ ಎರಡು ಮಾರಿನಲ್ಲಿ ಬಿತ್ತು. ಬೇರೆ ಊರಿನಿಂದ ಬಂದವರು ಕಿಸಕ್ಕನೆ ನಕ್ಕರು. ಹಿರಿಯ ಸದಸ್ಯರ ಕುರ್ಚಿ ಆಗಲೇ ಬಾಗಿಲ ಹತ್ತಿರಕ್ಕೆ ಹೋಗಿತ್ತು.

ಯಜಮಾನರು ತಮ್ಮ ಸಾಮಾನಿನ ಚೀಲ ತೊಡೆಯ ಮೇಲಿಟ್ಟುಕೊಂಡು ಗೋಡೆಯ ಪಕ್ಕ ಕೂತಿದ್ದರು. ನಾನು ನೇರ ಅವರ ಮುಂದೆ ಹೋಗಿ ನಿಂತೆ.

"ಕಣ್ಣು ಕಾಣದಿದ್ರೆ ಮನ್ಯಾಗ ಕೂಡ್ಬೇಕ್ರಿ! ಮಂದಿ ವಸ್ತು ಯಾಕ ಹಾಳು ಮಾಡ್ತೀರಿ?"

ಇಡೀ ಗೋದಾಮು ಕೇಳಿಸಿಕೊಂಡಿತು. ಅವರು ಎದ್ದು ನನ್ನ ಕೈಯಿಂದ ರೈಫಲ್ ತೆಗೆದುಕೊಂಡು ನಳಿಗೆ ಬಗ್ಗಿಸಿದರು. ಆ ತೂತಿಗೆ ಮೂಗು ಹಿಡಿದರು. ಒಂದು ಸಲ ನನ್ನ ಮುಖ ನೋಡಿದರು. ಆಮೇಲೆ ನಳಿಗೆ ಮುಚ್ಚಿ, "ಆತ್ರಿ, ನಾ ನೋಡ್ತೀನಿ" ಎಂದಷ್ಟೇ ಹೇಳಿ ಚೀಲವನ್ನೂ ರೈಫಲ್ಲನ್ನೂ ಹೆಗಲಿಗೇರಿಸಿ ಹೊರಟುಹೋದರು. ಎರಡು ದಿನಕ್ಕೆ ಹೊಸ ವಾಷರ್ ಹಾಕಿದ ರೈಫಲ್ ಕ್ಲಬ್ಬಿಗೆ ಬಂತು, ಅವರು ಬರಲಿಲ್ಲ. ಕ್ಲಬ್ಬಿನ ಕಾರ್ಯದರ್ಶಿ ಇನ್ನು ಮೇಲೆ ರಿಪೇರಿ ಏನಿದ್ದರೂ ಬೆಂಗಳೂರಿಗೆ ಎಂದುಬಿಟ್ಟರು. ಯಜಮಾನರ ಕಣ್ಣು ಮಂಜಾಗಿದೆಯಂತೆ ಎಂಬ ಮಾತು ಹಳ್ಳಿಗಳಿಗೂ ಹೋಯಿತು. ಅದನ್ನು ಹುಟ್ಟಿಸಿದ ಬಾಯಿ ನನ್ನದು.

ನಿಜ ನನಗೆ ಹೊಳೆದದ್ದು ಜನವರಿಯಲ್ಲಿ, ಅದೂ ತರಗತಿಯ ನಡುವೆ. ಡೀಸೆಲ್ ಎಂಜಿನ್ನಿಗೆ ಕಿಡಿ ಯಾಕೆ ಬೇಡ ಎಂದು ಹತ್ತನೆಯ ತರಗತಿಗೆ ವಿವರಿಸುತ್ತಿದ್ದೆ. ಗಾಳಿಯನ್ನು ಜೋರಾಗಿ ಒತ್ತಿದರೆ ಬಿಸಿಯಾಗುತ್ತದೆ, ಆ ಬಿಸಿಗೆ ಎಣ್ಣೆ ತಾನಾಗಿ ಹೊತ್ತಿಕೊಳ್ಳುತ್ತದೆ... ಅಲ್ಲಿಗೆ ಮಾತು ನಿಂತಿತು. ರೈಫಲ್ಲಿನ ಸ್ಪ್ರಿಂಗ್ ಒತ್ತುವುದೂ ಗಾಳಿಯನ್ನೇ, ನಾನು ಅದರೊಳಗೆ ಬಿಟ್ಟದ್ದೂ ಎಣ್ಣೆಯನ್ನೇ. ಪ್ರತಿವರ್ಷ ಇದೇ ಪಾಠ ಮಾಡಿದವಳು ನಾನು. ಸೈಕಲ್ ಪಂಪು ಬಿಸಿಯಾಗುವುದನ್ನು ಮಕ್ಕಳ ಕೈಯಿಂದಲೇ ಮುಟ್ಟಿಸಿ ತೋರಿಸಿದವಳು. ಮಿಸ್, ಮುಂದೆ? ಎಂದು ಮಕ್ಕಳು ಕೇಳಿದರು. ಮುಂದಿನದು ನಾಳೆ ಎಂದು ಪುಸ್ತಕ ಮುಚ್ಚಿದೆ.

ಅವತ್ತೇ ಕ್ಲಬ್ಬಿಗೆ ಹೋಗಿ ಹೇಳಬಹುದಿತ್ತು. ಹೇಳಲಿಲ್ಲ. ಪರೀಕ್ಷೆ ಮುಗಿಯಲಿ, ಪೇಪರು ತಿದ್ದುವುದು ಮುಗಿಯಲಿ ಎಂದು ನನಗೆ ನಾನೇ ನೆಪ ಹೇಳಿಕೊಂಡು ಮೂರು ತಿಂಗಳು ದೂಡಿದೆ. ಹೆದರಿಕೆ ಒಂದೇ: ಆಟ ಹೋಗುತ್ತದೆ. ಕೊನೆಗೊಂದು ಭಾನುವಾರ, ಯಜಮಾನರು ಕೆಲಸವಿಲ್ಲವೆಂದು ಆ ಸಲ ಲೈಸೆನ್ಸ್ ನವೀಕರಿಸುವುದಿಲ್ಲವಂತೆ ಎಂದು ಯಾರೋ ಅಂದರು. ಊದುಬತ್ತಿ ಹಚ್ಚುತ್ತಿದ್ದ ಆ ಕಾಗದ ಕಣ್ಣ ಮುಂದೆ ಬಂತು. ಎದ್ದು ನಿಂತು ಎಲ್ಲರ ಎದುರಿಗೆ ಹೇಳಿಬಿಟ್ಟೆ, ಎಣ್ಣೆ ಹಾಕಿ ಕೆಡಿಸಿದ್ದು ನಾನು, ಯಜಮಾನರ ತಪ್ಪು ಎಳ್ಳಷ್ಟೂ ಇಲ್ಲ ಎಂದು. ಹಿರಿಯ ಸದಸ್ಯರು "ನಾ ಮೊದ್ಲೇ ಹೇಳಿದ್ನಲ್ರಿ" ಎಂದು ಸುತ್ತ ನೋಡಿದರು. ಕಾರ್ಯದರ್ಶಿ ಕ್ಲಬ್ಬಿನ ಎರಡು ರೈಫಲ್ ನನ್ನ ಕೈಗೆ ಕೊಟ್ಟು, ಇವನ್ನು ಸರ್ವಿಸಿಗೆ ಅವರಿಗೇ ಕೊಟ್ಟು ಬನ್ನಿ ಎಂದರು.

ಯಜಮಾನರು ಕೋಣೆಯಲ್ಲಿ ಕೂತು ಶೇಂಗಾ ಸುಲಿಯುತ್ತಿದ್ದರು. "ಬರ್ರಿ ಟೀಚರ್, ಕೂಡ್ರಿ" ಎಂದರು, ನಿನ್ನೆಯಷ್ಟೇ ಬಂದು ಹೋದವಳಿಗೆ ಹೇಳುವಂತೆ. ನಾನು ಕೂರದೆ ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದೆ.

"ಗೊತ್ತೈತ್ರಿ," ಎಂದರು. "ಆವತ್ತೇ ಮೂಗಿಗೆ ಬಡೀತು. ಕೊಬ್ಬರಿ ಎಣ್ಣೆ ವಾಸ್ನೆ ಮುಚ್ಚಿಡಾಕ ಆಗ್ತೈತಾ?"

"ಮತ್ತೆ ಯಾಕ ಹೇಳ್ಲಿಲ್ಲ ಯಜಮಾನ್ರೆ? ನಾ ಅಷ್ಟು ಮಾತಾಡಿದೆ..."

"ಹೇಳಿದ್ರೆ, ಹೆಣ್ಮಕ್ಕಳ ಕೈಗೆ ಕೊಟ್ರೆ ಹಿಂಗೇ ಅಂತ ಬಾಗ್ಲು ಹಾಕ್ತಿದ್ರು. ನಿಮ್ಮೊಬ್ರಿಗಲ್ಲ, ನಿಮ್ಮ ಹಿಂದೆ ಬರೋರಿಗೂ. ನನ್ನ ಕಣ್ಣು ಹೋಗೈತೆ ಅಂದ್ರೆ ನನ್ನೊಬ್ಬನ ಮ್ಯಾಲೇ ಮುಗೀತಲ್ಲ." ಆಮೇಲೆ ಏನೋ ನೆನಪಾದವರಂತೆ ಗಾಬರಿಯಲ್ಲಿ ತಲೆಯೆತ್ತಿದರು. "ಅಲ್ರಿ, ಈಗ ಎಲ್ಲಾ ಹೇಳಿ ಬಂದೀರಲ್ಲ, ನಿಮ್ಮನ್ನ ಒಳಗೆ ಬಿಡ್ತಾರೇನು?"

ಬಿಡುತ್ತಾರೆ ಎಂದೆ. ಹಾಗಾದರೆ ಆಯಿತು ಎಂದು ಮತ್ತೆ ಶೇಂಗಾಕ್ಕೆ ಕೈ ಹಾಕಿದರು. ನಾನಾಡಿದ್ದನ್ನೆಲ್ಲ ಅವರು ಹೊಟ್ಟೆಗೆ ಹಾಕಿಕೊಂಡಿದ್ದರು.

ರೈಫಲ್‌ಗಳನ್ನು ಮುಂದಿಟ್ಟೆ. ಒಂದೊಂದನ್ನೂ ಬಗ್ಗಿಸಿ, ಸದ್ದು ಕೇಳಿ, ನಳಿಗೆಯನ್ನು ಕಿಟಕಿಗೆ ಹಿಡಿದು ಬಹಳ ಹೊತ್ತು ನೋಡಿದರು. "ಇವಕ್ಕೇನೂ ಆಗಿಲ್ಲ." ಒಂದು ಸಲ ಬಿಚ್ಚಿಯಾದರೂ ನೋಡಿ ಎಂದು ಅಂಗಲಾಚಿದೆ. "ಕೆಡದೇ ಇರೋದನ್ನ ಬಿಚ್ಚಬಾರ್ದು ಟೀಚರ್. ಕೆಟ್ಟ ಮ್ಯಾಲೆ ತರ್ರಿ." ಅಷ್ಟೇ. ಹಿಂದಿನ ದಸರಾದಲ್ಲಿ ಅವರೇ ಕೈಯಾರೆ ಜೋಡಿಸಿದ್ದವು, ಕೆಡುವುದಾದರೂ ಹೇಗೆ? ಸುಳ್ಳು ಕೆಲಸ ಕೊಟ್ಟು ನನ್ನ ಎದೆ ಹಗುರ ಮಾಡಿಕೊಳ್ಳಲು ಹೋಗಿದ್ದೆ, ಅವರು ಬಿಡಲಿಲ್ಲ. ಎರಡನ್ನೂ ಹೊತ್ತು ವಾಪಸ್ ಬಂದೆ.

ಆಮೇಲಿನ ತಿಂಗಳುಗಳಲ್ಲಿ, ರೈಫಲ್ ಕೆಡಲಪ್ಪಾ ಎಂದು ದೇವರಲ್ಲಿ ಬೇಡಿಕೊಂಡ ಶೂಟರ್ ನಾನೊಬ್ಬಳೇ ಇರಬೇಕು. ಅವು ಜಗ್ಗಲಿಲ್ಲ. ಶ್ರಾವಣದಲ್ಲಿ ಯಜಮಾನರು ಹೋದರು. ಸುದ್ದಿ ನನಗೆ ತಲುಪುವಷ್ಟರಲ್ಲಿ ಮಣ್ಣೂ ಆಗಿತ್ತು. ಆ ಕೋಣೆಯಲ್ಲಿ ಈಗ ಅವರ ಮಗ ಸ್ಕೂಟರ್ ನಿಲ್ಲಿಸುತ್ತಾನೆ.

ಇದೆಲ್ಲ ಆಗಿ ಎಂಟು ವರ್ಷ. ಈಗ ಭಾನುವಾರ ಕ್ಲಬ್ಬಿಗೆ ಬರುವವರಲ್ಲಿ ಹುಡುಗಿಯರೇ ಹೆಚ್ಚು, ಕಲಿಸುವವಳು ನಾನು. ಪಕ್ಕದ ಮನೆಯಲ್ಲಿ ಎಣ್ಣೆ ಸುಟ್ಟ ಮೂರನೆಯ ದಿನಕ್ಕೆ ಭಾನುವಾರ ಬಂತು. ಕೆ.ಬಿ. ಬಡಾವಣೆಯಿಂದ ಬರುವ ಕಾಲೇಜು ಹುಡುಗಿಯೊಬ್ಬಳು ನಾನು ಆನೆಕೊಂಡಕ್ಕೆ ಹೊತ್ತೊಯ್ದಿದ್ದ ಎರಡರಲ್ಲಿ ಒಂದನ್ನು ಬಗ್ಗಿಸುತ್ತಿದ್ದಳು. ಒಳಗೆ ಏನೋ ಕಟ್ ಎಂದಿತು. ನಳಿಗೆ ಅವಳ ಕೈಯಲ್ಲಿ ಸಡಿಲವಾಗಿ ಜೋತುಬಿತ್ತು. ಸ್ಪ್ರಿಂಗ್ ಮುರಿದಿತ್ತು.

"ಮಿಸ್, ಇದು ಕೆಟ್ಟೋತು," ಎಂದು ಹೆದರಿಕೊಂಡು ತಂದು ಕೊಟ್ಟಳು.

ಅದನ್ನು ತೊಡೆಯ ಮೇಲಿಟ್ಟುಕೊಂಡು ಕೂತವಳಿಗೆ ಅಳು ತಡೆಯಲಾಗಲಿಲ್ಲ. ಹುಡುಗಿ ಕಂಗಾಲಾಗಿ ನನ್ನ ಪಕ್ಕ ಕೂತು ಭುಜ ಹಿಡಿದಳು.

"ಅಳಬ್ಯಾಡ್ರಿ ಮಿಸ್," ಎಂದಳು, "ರಿಪೇರಿಗೆ ಕೊಟ್ರೆ ಆತು."